ಒಂದು ಹೊಳೆ, ಮೂರು ತಾಲ್ಲೂಕು: ಶರಾವತಿ ಸೀಮೆಯ ಜೌಗು ನೆಲದ ಲೆಕ್ಕ

ಹೈಡ್ರಾಲಜಿ ಪಾಠದಲ್ಲಿ ಶುರುವಿಗೇ ಬರೋ ಪದ ‘ಕ್ಯಾಚ್‌ಮೆಂಟ್’. ಕನ್ನಡದಲ್ಲಿ ಜಲಾನಯನ ಪ್ರದೇಶ. ಯಾವ್ಯಾವ ನೆಲದ ಮಳೆ ಹರಿದು ಒಂದು ಜಾಗಕ್ಕೆ ಬರುತ್ತೋ ಅಷ್ಟೂ ನೆಲ ಅದರ ಜಲಾನಯನ. ಪರೀಕ್ಷೆಗೆ ಇಷ್ಟು ಬರೆದರೆ ಸಾಕು. ಆದರೆ ಊರಲ್ಲಿ ಒಂದು ಕೆರೆಯನ್ನೋ ಜೌಗನ್ನೋ ಉಳಿಸೋಕೆ ಹೊರಟರೆ ಕಷ್ಟ ಶುರುವಾಗೋದೇ ಇಲ್ಲಿಂದ. ಶರಾವತಿಯನ್ನೇ ಉದಾಹರಣೆಯಾಗಿ ತಗೊಳ್ಳೋಣ.

ನೀರಿನ ನಕ್ಷೆ, ತಾಲ್ಲೂಕಿನ ನಕ್ಷೆ

ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ತಾಲ್ಲೂಕು ದಾಟಿ ಸಾಗರ ತಾಲ್ಲೂಕಿಗೆ ಬಂದು, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ನಿಲ್ಲುತ್ತೆ. ಆಮೇಲೆ ಜೋಗ, ಕೊನೆಗೆ ಹೊನ್ನಾವರದಲ್ಲಿ ಅರಬ್ಬೀ ಸಮುದ್ರ. ಅದೇ ತೀರ್ಥಹಳ್ಳಿ ತಾಲ್ಲೂಕಿನ ತುಂಗೆ ಪೂರ್ವಕ್ಕೆ ಹರಿದು, ಭದ್ರೆ ಜೊತೆ ಕೂಡಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತೆ. ಅಂದ್ರೆ ಒಂದೇ ತಾಲ್ಲೂಕಿನ ಮಳೆ ಎರಡು ಸಮುದ್ರಕ್ಕೆ ಹೋಗುತ್ತೆ, ಒಂದೇ ಜಲಾನಯನ ಮೂರು ತಾಲ್ಲೂಕಿನಲ್ಲಿ ಹಂಚಿಹೋಗಿದೆ. ನಮ್ಮ ಯೋಜನೆ, ಅನುದಾನ, ಸಭೆಗಳೆಲ್ಲ ಮಾತ್ರ ತಾಲ್ಲೂಕಿನ ಲೆಕ್ಕದಲ್ಲೇ ನಡೆಯುತ್ತವೆ.

ಜೌಗು ಏನು ಕೆಲಸ ಮಾಡುತ್ತೆ?

ಗುಡ್ಡದ ಬುಡದಲ್ಲಿ ಮಳೆಗಾಲ ಮುಗಿದ ಮೇಲೂ ಜಿನುಗುತ್ತಾ ಇರೋ ತಗ್ಗು ನೆಲವೇ ಜೌಗು. ಶರಾವತಿ ಕಣಿವೆಯ ಕಾಡಿನೊಳಗೆ ಕೆಲವು ಕಡೆ ಇಂಥ ನೆಲದಲ್ಲಿ ರಾಮಪತ್ರೆ ಜಾತಿಯ ಮರಗಳಿವೆ. ಕೆಸರಿನಲ್ಲಿ ಗಾಳಿ ಸಿಗದೆ, ಅವು ಬೇರನ್ನು ಮಡಚಿದ ಮೊಣಕಾಲಿನ ಹಾಗೆ ಮೇಲಕ್ಕೆತ್ತಿ ಉಸಿರಾಡುತ್ತವೆ.

ಒಂದು ಸಣ್ಣ ಲೆಕ್ಕ. 1 ಹೆಕ್ಟೇರ್ ಜೌಗು, ಮಣ್ಣಿನ ಆಳ 1 ಮೀಟರ್, ನಿಧಾನಕ್ಕೆ ಬಸಿಯಬಲ್ಲ ನೀರು ಶೇ 20 ಅಂತ ಇಟ್ಟುಕೊಳ್ಳಿ.

10,000 × 1 × 0.20 = 2,000 ಘನ ಮೀಟರ್, ಅಂದ್ರೆ 20 ಲಕ್ಷ ಲೀಟರ್.

ಮಳೆ ನಿಂತ ಮೇಲೆ ಇದು 100 ದಿನ ಬಸಿದರೆ ಕೆಳಗಿನ ಹಳ್ಳಕ್ಕೆ ದಿನಕ್ಕೆ ಸರಾಸರಿ 20,000 ಲೀಟರ್. ಮಧ್ಯೆ ಆಳದ ಬಸಿಗಾಲುವೆ ಹೊಡೆದರೆ ಅದೇ ನೀರು ಬೇಗ ಹರಿದುಹೋಗುತ್ತೆ. ಒಟ್ಟು ನೀರು ಬದಲಾಗಲಿಲ್ಲ, ಬರೋ ಹೊತ್ತು ಬದಲಾಯ್ತು. ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ಬೇಕಾಗಿರೋದು ಆ ಹೊತ್ತೇ.

ಹೂಳಿನದೂ ಹೀಗೇ. 1 ಹೆಕ್ಟೇರ್ ಕೆರೆಯಲ್ಲಿ 10 ಸೆಂ.ಮೀ. ಹೂಳು ಕೂತರೆ 1,000 ಘನ ಮೀಟರ್. ಟಿಪ್ಪರಿಗೆ 5 ಘನ ಮೀಟರಿನಂತೆ 200 ಲೋಡು. ಮಣ್ಣು ಸಡಿಲವಾದದ್ದು ಮೇಲಿನ ಊರಿನ ಗುಡ್ಡದಲ್ಲಿ, ಟಿಪ್ಪರ್ ಬಾಡಿಗೆ ಕಟ್ಟೋದು ಕೆಳಗಿನ ಊರು. ಮೇಲಿನದನ್ನು ಸರಿ ಮಾಡದೆ ಕೆಳಗೆ ಹೂಳೆತ್ತಿದರೆ ಕೆಲವೇ ವರ್ಷದಲ್ಲಿ ಮತ್ತೆ ಅದೇ ಬಾಡಿಗೆ.

ಲೆಕ್ಕಕ್ಕೆ ಸಿಗದ ನೆಲ

ಇಸ್ರೋದ ಬಾಹ್ಯಾಕಾಶ ಬಳಕೆ ಕೇಂದ್ರ ದೇಶದ ಜೌಗು ನೆಲಗಳ ಅಟ್ಲಾಸ್ ಮಾಡಿದೆ. ಅದರಲ್ಲಿ 2.25 ಹೆಕ್ಟೇರಿಗಿಂತ ಚಿಕ್ಕವು ಬರೀ ಚುಕ್ಕಿಗಳು. 2.25 ಹೆಕ್ಟೇರ್ ಅಂದ್ರೆ 150 ಮೀ. × 150 ಮೀ. ಚೌಕ, 1:50,000 ನಕ್ಷೆಯ ಮೇಲೆ 3 ಮಿ.ಮೀ. ಅದಕ್ಕಿಂತ ಚಿಕ್ಕದರ ಆಕಾರ ಬಿಡಿಸೋದು ಕಷ್ಟ. ಮರಗಳ ನೆರಳಿನಡಿ ಇರೋ ಜೌಗಂತೂ ಉಪಗ್ರಹದ ಚಿತ್ರದಲ್ಲಿ ಕಾಡಿನ ಹಾಗೇ ಕಾಣುತ್ತೆ.

ಕಾನೂನಲ್ಲೂ ಒಂದು ತೂತಿದೆ. 1971ರ ರಾಮ್ಸಾರ್ ಒಪ್ಪಂದದ ವ್ಯಾಖ್ಯೆಯಲ್ಲಿ ಮನುಷ್ಯ ಕಟ್ಟಿದ ಕೆರೆಯೂ ಜೌಗು ಪ್ರದೇಶವೇ. ನಮ್ಮ 2017ರ ಜೌಗು ಪ್ರದೇಶ ನಿಯಮಗಳು ಭತ್ತದ ಗದ್ದೆ, ನದಿಯ ಪಾತ್ರ, ಕುಡಿಯುವ ನೀರಿಗೆ ಅಥವಾ ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಹೊರಗಿಡುತ್ತವೆ. ಮಲೆನಾಡಿನ ಎಷ್ಟೋ ಕೆರೆ ಆ ರಕ್ಷಣೆಗೆ ಸಿಗಲ್ಲ.

ಹಾಗಾದ್ರೆ ಯಾರು ಒಟ್ಟಿಗೆ ಕೂರಬೇಕು?

ಕಾಡಿನ ಜೌಗು ಅರಣ್ಯ ಇಲಾಖೆಯದು. ಕೆರೆ ಪಂಚಾಯ್ತಿ ಅಥವಾ ಸಣ್ಣ ನೀರಾವರಿ ಇಲಾಖೆಯದು. ಲಿಂಗನಮಕ್ಕಿ ಕರ್ನಾಟಕ ವಿದ್ಯುತ್ ನಿಗಮದ್ದು. ನಡುವಿನ ಗದ್ದೆ, ತೋಟ ರೈತರದ್ದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಹೊಸ ಸಂಸ್ಥೆ ಕಟ್ಟೋ ಬದಲು, ಒಂದೇ ಹಳ್ಳದ ಮೇಲಿನ ಮತ್ತು ಕೆಳಗಿನ ಪಂಚಾಯ್ತಿಗಳ ಈ ಸಮಿತಿಗಳು ಇಲಾಖೆಯವರನ್ನೂ ಕರೆದು ಒಂದೇ ನಕ್ಷೆಯ ಸುತ್ತ ಕೂತರೆ ಅರ್ಧ ಕೆಲಸ ಆದಂತೆ. ಕೆಲಸದ ಕ್ರಮವೂ ನೀರು ಹರಿಯೋ ಕ್ರಮದಲ್ಲೇ ಇರಲಿ: ಮೊದಲು ಗುಡ್ಡ, ಆಮೇಲೆ ಜೌಗು, ಕೊನೆಗೆ ಕೆರೆ.

ಇದರಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಜೌಗನ್ನು ತೋಟ ಮಾಡದೆ ಬಿಟ್ಟ ಮೇಲಿನ ಊರಿನ ರೈತನಿಗೆ ಆದಾಯ ಇಲ್ಲ, ಲಾಭ ಕೆಳಗಿನವರಿಗೆ. ಅವನಿಗೆ ಏನು ಕೊಡ್ತೀವಿ? ಲಿಂಗನಮಕ್ಕಿಗಾಗಿ ಊರು ಬಿಟ್ಟ ಕುಟುಂಬಗಳ ಭೂಮಿ ಹಕ್ಕಿನ ಪ್ರಶ್ನೆಯೇ ಇನ್ನೂ ಮುಗಿದಿಲ್ಲ. ಅಂಥ ಸೀಮೆಯಲ್ಲಿ ‘ಪರಿಸರಕ್ಕಾಗಿ ಬಿಟ್ಟುಕೊಡಿ’ ಅಂತ ಬರೀ ಭಾಷಣ ಮಾಡಿದರೆ ಯಾರೂ ಕೇಳಲ್ಲ, ಕೇಳಬೇಕಾಗಿಯೂ ಇಲ್ಲ. ಪರಿಹಾರದ ಲೆಕ್ಕ ಯೋಜನೆಯ ಮೊದಲ ಪುಟದಲ್ಲೇ ಇರಬೇಕು.

ನಿಮಗೊಂದು ಅಭ್ಯಾಸ

ನಿಮ್ಮೂರಿನ ಒಂದು ಕೆರೆಯನ್ನೋ ಜೌಗನ್ನೋ ಆರಿಸಿ. ಟೋಪೋಶೀಟಿನ ಮೇಲೆ ಅದರ ಜಲಾನಯನದ ಗೆರೆ ಎಳೆಯಿರಿ. ಅದರ ಮೇಲೆ ಪಂಚಾಯ್ತಿ ಗಡಿ ಇಟ್ಟು, ಎಷ್ಟು ಪಂಚಾಯ್ತಿ ಬರುತ್ತವೆ ಎಣಿಸಿ. ಒಳಹರಿವು ಕಳೆದು ಹೊರಹರಿವು, ಉಳಿದದ್ದು ಸಂಗ್ರಹದ ಬದಲಾವಣೆ. ಈ ಸಮೀಕರಣದ ಒಂದೊಂದು ಅಂಶದ ಎದುರೂ ಅದು ಯಾರ ಕೈಲಿದೆ ಅಂತ ಬರೆಯಿರಿ. ಯಾರ್ಯಾರನ್ನು ಸಭೆಗೆ ಕರೀಬೇಕು ಅನ್ನೋ ಪಟ್ಟಿ ಅಲ್ಲೇ ಸಿಗುತ್ತೆ.