ಗೋಡೆದೀಪಗಳ ಸಂಗ್ರಹ ಮತ್ತು ಮಾರಾಟ

ಶಿರಿಯ, ಕುಂಬಳೆ ಕಡೆಯ ಹಳೆಯ ಮುರಕಲ್ಲಿನ ಮನೆಗಳಲ್ಲಿ ಗೋಡೆಯೊಳಗೇ ಬಿಟ್ಟ ಪುಟ್ಟ ಗೂಡುಗಳನ್ನು ನಾವು ಕಾಣಬಹುದು. ಅವು ಹಣತೆ ಇಡುವ ಸ್ಥಳಗಳು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಬಾವಿ ಕೊರೆದು ಭೂತೈಲ ತೆಗೆದ ತರುವಾಯ ಸೀಮೆ ಎಣ್ಣೆ ದೇಶದೇಶಗಳಿಗೆ ಹರಡಿತು. ಗೂಡಿನ ದೀಪ ಗೋಡೆಯ ಮೊಳೆಗೆ ಏರಿತು.

ಎಣ್ಣೆಯ ಪಾತ್ರೆ, ಬತ್ತಿಯನ್ನು ಏರಿಸಿ ಇಳಿಸುವ ತಿರುಪು, ಗಾಜಿನ ಚಿಮಿಣಿ, ಬೆಳಕನ್ನು ಕೋಣೆಯತ್ತ ತಿರುಗಿಸಲು ಹಿಂದೊಂದು ತಗಡು ಅಥವಾ ಕನ್ನಡಿ, ಇವು ಗೋಡೆದೀಪದ ಅಂಗಗಳು. ಚಿಮಿಣಿಯ ಕೆಲಸ ಗಾಳಿಯನ್ನು ತಡೆಯುವುದಷ್ಟೇ ಅಲ್ಲ. ಅದರೊಳಗಿನ ಬಿಸಿಗಾಳಿ ಮೇಲೇರಿದಂತೆ ಕೆಳಗಿನಿಂದ ಹೊಸ ಗಾಳಿ ನುಗ್ಗಿ, ಜ್ವಾಲೆ ಹೊಗೆ ಕಡಿಮೆಯಾಗಿ ಬೆಳಗುತ್ತದೆ. ಈ ಗಾಜಿನ ಕೊಳವೆಯ ಇಂಗ್ಲಿಷ್ ಹೆಸರು ನಮ್ಮ ಕಡೆ ಎಣ್ಣೆಗೇ ಅಂಟಿಕೊಂಡು 'ಚಿಮಿಣಿ ಎಣ್ಣೆ' ಆದದ್ದು ಭಾಷೆಯ ಒಂದು ವಿನೋದ.

ವಿದ್ಯುತ್ತು ಬಂದ ಮೇಲೆ ಈ ದೀಪಗಳು ಅಟ್ಟ ಸೇರಿದವು. ಮನೆ ಕೆಡಹುವ ದಿನ ಅವು ಗುಜರಿಯವರ ತಕ್ಕಡಿಗೆ ಬೀಳುತ್ತವೆ. ಅಲ್ಲಿ ಬೆಲೆ ಹಿತ್ತಾಳೆಗೆ, ದೀಪಕ್ಕಲ್ಲ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಹಳೆಯ ಸಾಮಾನುಗಳನ್ನು ಮಾರುವ ಅಂಗಡಿಗಳ ಬೀದಿಯೇ ಇದೆ. ಅಂತಹ ವ್ಯಾಪಾರದಲ್ಲಿ ಕೇಳುವ ಪ್ರಶ್ನೆಗಳು ಬೇರೆ: ವಯಸ್ಸೆಷ್ಟು? ಅಂಗಗಳೆಲ್ಲ ಮೂಲದವೇ? ಯಾವ ಮನೆಯದು? ಕೊನೆಯ ಪ್ರಶ್ನೆಗೆ ಉತ್ತರ ಗುಜರಿಯ ತಕ್ಕಡಿಯಲ್ಲೇ ಕಳೆದುಹೋಗಿರುತ್ತದೆ.

ಹಳೆಯದನ್ನು ಗುರುತಿಸುವುದು ಹೇಗೆ? ಅಯಸ್ಕಾಂತ ಹಿಡಿದು ನೋಡಬೇಕು. ಅಂಟಿದರೆ ಅದು ಹಿತ್ತಾಳೆಯ ಲೇಪವಿರುವ ಕಬ್ಬಿಣ. ನಿಜವಾದ ಸವಕಲು ಕೈ ತಾಗುವಲ್ಲಿ, ತಿರುಪಿನ ಅಂಚಿನಲ್ಲಿ ಇರುತ್ತದೆ. ಔಷಧ ಹಚ್ಚಿ ಕಪ್ಪಾಗಿಸಿದ ಹೊಸ ದೀಪವಾದರೆ ಎಲ್ಲ ಕಡೆಯೂ ಒಂದೇ ಸಮ ಹಳತಾಗಿ ಕಾಣುತ್ತದೆ. ತಿರುಪಿನ ಬಿಲ್ಲೆಯ ಮೇಲೆ ತಯಾರಕರ ಮುದ್ರೆ ಇದ್ದೀತು. ಮಾರುವ ಮೊದಲು ಹುಣಸೆಹುಳಿ ಹಾಕಿ ಫಳಫಳ ತಿಕ್ಕುವುದು ನಮ್ಮ ಮನೆಗಳ ರೂಢಿ. ಸಂಗ್ರಾಹಕರಿಗೆ ಬೇಕಾದ ಹಳೆಯ ಬಣ್ಣ ಅದರಿಂದಲೇ ಹೋಗುತ್ತದೆ.

ಕಾನೂನನ್ನೂ ತಿಳಿದಿರಬೇಕು. 1972ರ ಪುರಾತನ ವಸ್ತುಗಳ ಕಾಯಿದೆ 1976ರಲ್ಲಿ ಜಾರಿಗೆ ಬಂತು. ನೂರು ವರ್ಷ ದಾಟಿದ ಕಲೆ, ಕುಶಲಕಲೆಯ ವಸ್ತುಗಳು ಅದಕ್ಕೆ ಒಳಪಡುತ್ತವೆ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳುಹಿಸುವಂತೆಯೂ ಇಲ್ಲ.

ದೀಪ ಮಾರುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಮನೆಯಲ್ಲಿ ಕಷ್ಟವಿರುವಾಗ ಅಟ್ಟದ ಹಿತ್ತಾಳೆಯೂ ಆಸರೆಯೇ. ಆದರೆ ಕೊಡುವ ಮುನ್ನ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಬಹುದು. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕಿನ ವಸ್ತು ಸಂಗ್ರಹಾಲಯವನ್ನು ನೋಡಿದವರಿಗೆ, ದಿನಬಳಕೆಯ ವಸ್ತುವೂ ಚರಿತ್ರೆಯ ದಾಖಲೆಯೆಂಬುದು ತಿಳಿಯುತ್ತದೆ.

ಹಾಗಾಗಿ ವಿದ್ಯಾರ್ಥಿಗಳು ಒಂದು ನೋಟುಪುಸ್ತಕ ಇಡಲಿ. ದೀಪದ ಚಿತ್ರ, ಎತ್ತರ, ಮುದ್ರೆಯ ಅಕ್ಷರಗಳು, ಅದು ತೂಗುತ್ತಿದ್ದ ಕೋಣೆ, ಅದನ್ನು ಹಚ್ಚುತ್ತಿದ್ದವರು ಯಾರು ಎಂಬುದನ್ನು ಅಜ್ಜಿಯನ್ನು ಕೇಳಿ ಬರೆಯಲಿ. ಚಿಮಿಣಿ ಒಡೆದು ಬದಲಾಯಿಸಿದ್ದರೆ ಅದನ್ನೂ ಬರೆಯಬೇಕು. ಒಂದು ಪ್ರತಿ ದೀಪ ಕೊಂಡವರಿಗೆ, ಇನ್ನೊಂದು ಮನೆಯಲ್ಲಿ.