ಪೇಂಟ್ ಹೊಡೆಸುವ ಮುನ್ನ ತಾರಸಿ ಹತ್ತಿ ನೋಡಿ

ಕಲಬುರಗಿ, ರಾಯಚೂರಿನ ಬಿಸಿಲಿಗೆ ಬೆಂದು, ‘ಶಾಖ ತಡೆಯುವ ಪೇಂಟ್’ ಅಂದ ಕೂಡಲೇ ಒಳಗೋಡೆಗೆಲ್ಲ ಹೊಡೆಸಿಬಿಡಬೇಡಿ. ಅಷ್ಟು ತೆಳ್ಳಗಿನ ಪದರ ಗೋಡೆಯ ಕಾವನ್ನು ಎಷ್ಟು ತಡೆದೀತು, ನೀವೇ ಹೇಳಿ. ಈ ಬಣ್ಣದ ಕಸುಬು ಬಿಸಿಲನ್ನು ವಾಪಸ್ ಕಳಿಸುವುದು. ಬಿಸಿಲು ಸುರಿಯುವುದು ತಾರಸಿಯ ಮೇಲೆ. ಹಚ್ಚಬೇಕಾದ್ದೂ ಅಲ್ಲೇ, ಅದೂ ಬಿಳಿಯದನ್ನು. ಡಬ್ಬದ ಮೇಲೆ ಎಸ್‌ಆರ್‌ಐ (ಸೋಲಾರ್ ರಿಫ್ಲೆಕ್ಟೆನ್ಸ್ ಇಂಡೆಕ್ಸ್) ಅಂಕಿ ಹುಡುಕಿ. ಕಪ್ಪಿಗೆ 0, ಬಿಳಿಗೆ 100 ಎಂದಿಟ್ಟುಕೊಂಡ ಲೆಕ್ಕವದು, ಹೆಚ್ಚಿದ್ದಷ್ಟೂ ಒಳ್ಳೆಯದು.

ಮೊದಲು ಬಿರುಕು ಮುಚ್ಚಿಸಿ, ಪಾಚಿ ಉಜ್ಜಿಸಿ, ಚೆನ್ನಾಗಿ ಒಣಗಲು ಬಿಡಿ. ಹಿಂದಿನವರು ಸುಣ್ಣ ಬಳಿಯುತ್ತಿದ್ದರಲ್ಲ, ಅದೂ ಇದೇ ಉಪಾಯ. ಕೈಯಲ್ಲಿ ಕಾಸು ಕಡಿಮೆಯಿದ್ದರೆ ಈಗಲೂ ಆದೀತು. ಧೂಳು ಕೂತರೆ ಬಿಳುಪಿನ ಜೊತೆ ಗುಣವೂ ಹೋಗುತ್ತದೆ, ಬೇಸಿಗೆಗೆ ಮುಂಚೆ ಒಮ್ಮೆ ತೊಳೆಯಿರಿ. ಹಪ್ಪಳ ಒಣಗಿಸಲು ನಡುಮಧ್ಯಾಹ್ನ ಮೇಲೆ ಹೋಗುವವರು ಮಾತ್ರ ಹುಷಾರು, ಕಣ್ಣು ಕೋರೈಸುತ್ತದೆ.