ಬಹು ಔಷಧಿ ಮಿತಿಮೀರಿಕೆ: ಪರೀಕ್ಷಾ ಟಿಪ್ಪಣಿ

'ದಿ ಡಾರ್ಕ್ ನೈಟ್' ಚಿತ್ರದ ಜೋಕರ್ ಪಾತ್ರಧಾರಿ ಹೀತ್ ಲೆಡ್ಜರ್ 2008ರ ಜನವರಿ 22ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡಾಗ ದೇಹದಲ್ಲಿ ಸಿಕ್ಕಿದ್ದು ಆರು ಔಷಧಿಗಳು: ನೋವಿಗೆ ಆಕ್ಸಿಕೋಡೋನ್, ಹೈಡ್ರೋಕೋಡೋನ್, ಆತಂಕ, ನಿದ್ರೆಗೆ ಡಯಾಜೆಪಾಮ್, ಟೆಮಾಜೆಪಾಮ್, ಆಲ್ಪ್ರಜೋಲಾಮ್, ಜೊತೆಗೆ ಡಾಕ್ಸಿಲಮೈನ್. ಆಕಸ್ಮಿಕ ಸಾವು ಎಂದು ವೈದ್ಯಾಧಿಕಾರಿಗಳು ತೀರ್ಮಾನಿಸಿದರು.

ಆಕ್ಸಿಕೋಡೋನ್, ಹೈಡ್ರೋಕೋಡೋನ್‌ನಂಥ ಒಪಿಯಾಯ್ಡ್‌ಗಳು ಮಿದುಳುಕಾಂಡದ ಉಸಿರಾಟ ಕೇಂದ್ರವನ್ನು ಮಂದಗೊಳಿಸುತ್ತವೆ. ಡಯಾಜೆಪಾಮ್‌ನಂಥ ಬೆಂಜೋಡಯಾಜೆಪೈನ್ ಮತ್ತು ಮದ್ಯ 'ಗಾಬಾ' ವ್ಯವಸ್ಥೆಯ ಮೂಲಕ ನರಮಂಡಲವನ್ನು ತಗ್ಗಿಸುತ್ತವೆ. ಒಂದೊಂದೇ ಆಗಿದ್ದರೆ ದೇಹ ತಾಳಿಕೊಳ್ಳಬಹುದಾದ ಪ್ರಮಾಣವೂ ಬೆರೆತಾಗ ಉಸಿರು ನಿಲ್ಲಿಸೀತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಒಪಿಯಾಯ್ಡ್-ಬೆಂಜೋಡಯಾಜೆಪೈನ್ ಜೋಡಿಯ ಬಗ್ಗೆ ಲೇಬಲ್ ಮೇಲೆ ಚೌಕಟ್ಟಿನ ಎಚ್ಚರಿಕೆ ಕಡ್ಡಾಯಗೊಳಿಸಿತು.

ಒಪಿಯಾಯ್ಡ್ ವಿಷಬಾಧೆಯ ತ್ರಿಲಕ್ಷಣ: ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ, ಪ್ರಜ್ಞಾಹೀನತೆ, ಕುಗ್ಗಿದ ಉಸಿರಾಟ. ಗೊರಕೆಯಂಥ ಗುರುಗುಟ್ಟುವ ಸದ್ದನ್ನು ಮನೆಯವರು ಗಾಢ ನಿದ್ದೆಯೆಂದು ಬಿಟ್ಟುಬಿಡುವುದುಂಟು. ತುಟಿ, ಉಗುರು ನೀಲಿಗಟ್ಟಿದರೆ ಕ್ಷಣವೂ ತಡವಾಗಬಾರದು.

ಒಪಿಯಾಯ್ಡ್‌ಗೆ ಪ್ರತ್ಯೌಷಧ ನಲಾಕ್ಸೋನ್. 2023ರ ಮಾರ್ಚ್‌ನಲ್ಲಿ ಅಮೆರಿಕ ಇದರ 4 ಮಿ.ಗ್ರಾಂ ಮೂಗಿನ ಸ್ಪ್ರೇಯನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಒಪ್ಪಿತು. ಪ್ರಶ್ನೆಪತ್ರಿಕೆಯವರು ಇಲ್ಲೇ ಬಲೆ ಬೀಸಬಹುದು: ಬೆಂಜೋಡಯಾಜೆಪೈನ್, ಮದ್ಯ, ಪಶುವೈದ್ಯರು ಬಳಸುವ ಜೈಲಜೀನ್ ಮೇಲೆ ಇದು ಕೆಲಸ ಮಾಡದು. ಆದರೂ ಏನು ಸೇವಿಸಿದ್ದಾರೆಂದು ತಿಳಿಯದಿದ್ದಾಗ ಕೊಡಬೇಕೆಂಬುದೇ ನಿಯಮ. ಇದರ ಪರಿಣಾಮ 30ರಿಂದ 90 ನಿಮಿಷ. ಆಮೇಲೆ ಉಸಿರು ಮತ್ತೆ ಕುಸಿಯಬಹುದು, ಆದ್ದರಿಂದ ಎಚ್ಚರವಾದವರನ್ನೂ ಆಸ್ಪತ್ರೆಗೆ ಸೇರಿಸಬೇಕು.

ಭಾರತದಲ್ಲಿ: ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆ 1985, ಒಪಿಯಾಯ್ಡ್ ನೋವುನಿವಾರಕ ಟ್ರಮಡಾಲ್ ಅದರ ವ್ಯಾಪ್ತಿಗೆ ಬಂದದ್ದು 2018ರಲ್ಲಿ, ವ್ಯಸನಮುಕ್ತಿ ಸಹಾಯವಾಣಿ 14446. ಅಂತರರಾಷ್ಟ್ರೀಯ ಔಷಧಿ ಮಿತಿಮೀರಿಕೆ ಜಾಗೃತಿ ದಿನ ಆಗಸ್ಟ್ 31, ಮೆಲ್ಬರ್ನ್‌ನಲ್ಲಿ 2001ರಲ್ಲಿ ಆರಂಭ.